ಸಂತಾನವಿಲ್ಲದ ಡ್ಯೂಕ್, ಸಾವಿಲ್ಲದ ದತ್ತಿ

ತಾನು ಗಳಿಸಿದ್ದು ತನ್ನ ಕಾಲಾನಂತರ ಯಾರ ಕೈ ಸೇರುವುದೆಂಬ ಚಿಂತೆ ಮಾನವಕುಲದಷ್ಟೇ ಹಳೆಯದು. ವಿಶ್ವಾಸಿಗಳ ಪಿತಾಮಹರಾದ ಅಬ್ರಹಾಮರೂ ಅದರಿಂದ ಹೊರತಾಗಿರಲಿಲ್ಲ. ಮನೆಯ ಸೇವಕನಾದ ದಮಸ್ಕದ ಎಲಿಯೇಜರನೇ ತನ್ನ ಆಸ್ತಿಗೆ ವಾರಸುದಾರನಾಗುವನಲ್ಲವೇ ಎಂದು ಅವರು ದೇವರ ಮುಂದೆ ಅಳಲನ್ನು ತೋಡಿಕೊಂಡುದನ್ನು ಆದಿಕಾಂಡದಲ್ಲಿ ನಾವು ಓದುತ್ತೇವೆ. ನಮ್ಮ ನಾಡಿನಲ್ಲಿಯೂ ಮಕ್ಕಳಿಲ್ಲದವನಿಗೆ ಸದ್ಗತಿಯಿಲ್ಲವೆಂಬ ನಂಬಿಕೆ ಬಹುಕಾಲದಿಂದ ಬೇರೂರಿದೆ. ಹೆಸರು ಹೇಳುವವರಿಲ್ಲ, ದೀಪ ಹಚ್ಚುವವರಿಲ್ಲ ಎಂಬ ಕೊರಗು ಎಷ್ಟೋ ದಂಪತಿಗಳ ಇಳಿವಯಸ್ಸನ್ನು ಕಹಿಯಾಗಿಸಿದೆ. ಕ್ರೈಸ್ತ ಕುಟುಂಬಗಳೂ ಈ ಕೊರಗಿನಿಂದ ಮುಕ್ತವಾಗಿಲ್ಲ.

ಸಾವಿರದ ನೂರು ವರ್ಷಗಳಿಗೂ ಹಿಂದೆ ಫ್ರಾನ್ಸ್ ದೇಶದ ದಕ್ಷಿಣ ಭಾಗದಲ್ಲಿ ಇದೇ ಕೊರಗನ್ನು ಅನುಭವಿಸಿದ ಪ್ರಬಲನಾದ ಒಬ್ಬ ಮಾಂಡಲಿಕನಿದ್ದ. ಅವನೇ ಅಕ್ವಿಟೇನಿನ ಡ್ಯೂಕ್ ಒಂದನೆಯ ವಿಲಿಯಂ. ಫ್ರೆಂಚರ ನಾಲಿಗೆಯಲ್ಲಿ ಗಿಯೋಮ್. ಇತಿಹಾಸವು ಅವನನ್ನು ಧರ್ಮನಿಷ್ಠ ವಿಲಿಯಂ ಎಂದು ಕರೆದಿದೆ. ಅವನ ರಾಜ್ಯವನ್ನು ಇಂದು ಇತಿಹಾಸದ ವಿದ್ಯಾರ್ಥಿಗಳ ಹೊರತು ಯಾರೂ ಅರಿಯರು. ಆದರೆ ಅವನು ಒಂದು ದಿನ ಸಹಿ ಹಾಕಿದ ಒಂದು ದಾನಪತ್ರದ ಫಲವನ್ನು, ಅವನ ಹೆಸರನ್ನೇ ಕೇಳದ ನಮ್ಮ ಧರ್ಮಕೇಂದ್ರಗಳ ಭಕ್ತಾದಿಗಳು ಕೂಡ ವರ್ಷಕ್ಕೊಮ್ಮೆ ಅನುಭವಿಸುತ್ತಾರೆ. ಅದು ಹೇಗೆಂಬುದನ್ನು ಈ ವಾರ ನಾವು ಅರಿಯಲು ಯತ್ನಿಸೋಣ.

ರಕ್ತ ಮತ್ತು ಪ್ರಾರ್ಥನೆ ಬೆರೆತ ಮನೆತನ

ವಿಲಿಯಂ ಹುಟ್ಟಿದ್ದು ಸುಮಾರು 875ರಲ್ಲಿ. ಅವನ ಮನೆತನದಲ್ಲಿ ಖಡ್ಗ ಮತ್ತು ಜಪಮಾಲೆ ಎರಡಕ್ಕೂ ಸ್ಥಾನವಿತ್ತೆಂದರೆ ತಪ್ಪಾಗದು. ಅವನ ಮುತ್ತಾತ ಗೆಲ್ಲೋನಿನ ವಿಲಿಯಂ ಚಕ್ರವರ್ತಿ ಶಾರ್ಲ್‌ಮೇನನ ಬಂಧು ಹಾಗೂ ಸೇನಾನಿ. ರಣರಂಗದಲ್ಲಿ ಕೀರ್ತಿ ಗಳಿಸಿದ ಆ ವೀರ 804ರಲ್ಲಿ ಗೆಲ್ಲೋನಿನಲ್ಲಿ ಮಠವೊಂದನ್ನು ಸ್ಥಾಪಿಸಿದ. ಎರಡು ವರ್ಷಗಳ ಬಳಿಕ ಅಧಿಕಾರವನ್ನೆಲ್ಲ ತ್ಯಜಿಸಿ ಅದೇ ಮಠದಲ್ಲಿ ಸಾಮಾನ್ಯ ಸನ್ಯಾಸಿಯಾಗಿ ಬಾಳಿದ. ಧರ್ಮಸಭೆ ಅವರನ್ನು ಸಂತರೆಂದು ಗೌರವಿಸುತ್ತದೆ.

ಮುತ್ತಾತ ಸಂತನಾದರೂ ತಾತನ ಬದುಕು ಬೇರೆಯೇ ದಾರಿ ಹಿಡಿಯಿತು. ಸೆಪ್ಟಿಮೇನಿಯಾದ ಬರ್ನಾರ್ಡ್ ರಾಜಕೀಯದ ಸುಳಿಯಲ್ಲಿ ಸಿಲುಕಿ 844ರಲ್ಲಿ ಅರಸ ಚಾರ್ಲ್ಸನ ಆಜ್ಞೆಯಂತೆ ಶಿರಚ್ಛೇದಕ್ಕೆ ಗುರಿಯಾದ. ಅವನ ಪತ್ನಿ ದುವೋದ ಎಂಬ ವಿದ್ಯಾವತಿ. ಗಂಡನಿಂದಲೂ ಮಕ್ಕಳಿಂದಲೂ ದೂರವಾಗಿ ಊಜೆಸ್ ಪಟ್ಟಣದಲ್ಲಿ ದಿನ ಕಳೆಯುತ್ತಿದ್ದ ಆ ತಾಯಿ 841ರಿಂದ 843ರ ಅವಧಿಯಲ್ಲಿ ತನ್ನ ಹಿರಿಯ ಮಗನಿಗಾಗಿ ಒಂದು ಉಪದೇಶ ಗ್ರಂಥವನ್ನು ರಚಿಸಿದಳು. ಬಂಧುಗಳ ಪೈಕಿ ತೀರಿಹೋದವರ ಹೆಸರುಗಳನ್ನು ಅದರಲ್ಲಿ ಬರೆದಿಟ್ಟು ಅವರಿಗಾಗಿ ಪ್ರಾರ್ಥಿಸಬೇಕೆಂದು ಮಗನನ್ನು ಬೇಡಿಕೊಂಡಳು. ತನ್ನ ಸಮಾಧಿಯನ್ನು ಕಂಡವರು ತನಗಾಗಿಯೂ ಪ್ರಾರ್ಥಿಸಲೆಂದು ಆಶಿಸಿದಳು. ಆ ಹಿರಿಯ ಮಗನ ಹೆಸರೂ ವಿಲಿಯಂ. ಅವನೂ 850ರಲ್ಲಿ ಬಾರ್ಸಿಲೋನಾದಲ್ಲಿ ವಧೆಗೊಂಡ. ಉಳಿದದ್ದು ಕಿರಿಯ ಮಗ ಬರ್ನಾರ್ಡ್. ಅವನೇ ನಮ್ಮ ಕಥಾನಾಯಕನ ತಂದೆ.

ಹೀಗೆ ತನ್ನ ವಂಶದ ಮೃತರನ್ನು ಮರೆಯಬಾರದೆಂದು ಪರಿತಪಿಸಿದ ಅಜ್ಜಿಯ ಮೊಮ್ಮಗನಾಗಿ, ಖಡ್ಗ ಕೆಳಗಿಟ್ಟು ಮಠ ಸೇರಿದ ಮುತ್ತಾತನ ಹೆಸರನ್ನು ಹೊತ್ತು ವಿಲಿಯಂ ಬೆಳೆದ. ಮುಂದೆ ಅವನು ಕೈಗೊಂಡ ತೀರ್ಮಾನವನ್ನು ಅರ್ಥಮಾಡಿಕೊಳ್ಳುವಾಗ ಈ ಎರಡು ಸಂಗತಿಗಳನ್ನು ನಾವು ನೆನಪಿನಲ್ಲಿಡಬೇಕು.

ಅಧಿಕಾರದ ಏರುಗಾಲ

ತಂದೆ ಬರ್ನಾರ್ಡ್ ಚತುರ ರಾಜಕಾರಣಿ. ಕಳೆದುಹೋಗಿದ್ದ ಮನೆತನದ ಅಧಿಕಾರವನ್ನು ಒಂದೊಂದಾಗಿ ಮರಳಿ ಪಡೆದು ಓವರ್ನ್ ಸೀಮೆಯ ಕೌಂಟನಾಗಿ, ಹಲವು ಪ್ರಾಂತಗಳ ಒಡೆಯನಾಗಿ ಸುಮಾರು 886ರಲ್ಲಿ ಕಾಲವಾದ. ವಿಲಿಯಂ ಎಳೆಯ ವಯಸ್ಸಿನಲ್ಲೇ ಆ ಎಲ್ಲ ಸೀಮೆಗಳ ಹೊಣೆ ಹೊರಬೇಕಾಯಿತು. ಆ ಕಾಲದ ಫ್ರಾನ್ಸಿನಲ್ಲಿ ಅರಸನ ಆಜ್ಞೆ ಕಾಗದದ ಮೇಲಷ್ಟೇ ನಡೆಯುತ್ತಿತ್ತು. ಉತ್ತರದಿಂದ ನಾರ್ಮನ್ನರು ನದಿಗಳ ಮೂಲಕ ನುಗ್ಗಿ ಮಠ ಮಂದಿರಗಳನ್ನು ಸುಡುತ್ತಿದ್ದರು. ರಕ್ಷಣೆ ನೀಡಬಲ್ಲವನೇ ಜನರ ಪಾಲಿಗೆ ಅರಸನಾಗಿದ್ದ. ಇಂತಹ ಸಮಯದಲ್ಲಿ ವಿಲಿಯಂ ಸ್ವಸಾಮರ್ಥ್ಯದಿಂದ ಬಲಿಷ್ಠನಾಗಿ ಬೆಳೆದು ಅಕ್ವಿಟೇನಿನ ಡ್ಯೂಕ್ ಎಂಬ ಬಿರುದನ್ನು ಧರಿಸಿದ.

ಅವನ ಕೈ ರಕ್ತದಿಂದ ಶುದ್ಧವಾಗಿತ್ತೆಂದು ನಾವು ಹೇಳುವಂತಿಲ್ಲ. ಪ್ಯಾರಿಸ್ ನಗರವನ್ನು ನಾರ್ಮನ್ನರಿಂದ ಕಾಪಾಡಿ 888ರಲ್ಲಿ ಸಿಂಹಾಸನವೇರಿದ ಅರಸ ಓದೋ ವಿಲಿಯಮನ ಬಲವನ್ನು ಕಂಡು ಅಸಮಾಧಾನಗೊಂಡ. ಅವನ ಅಧಿಕಾರಗಳನ್ನು ಕಿತ್ತು ಹ್ಯೂ ಎಂಬ ಕೌಂಟನಿಗೆ ವಹಿಸಿಕೊಟ್ಟ. ಯುದ್ಧ ಅನಿವಾರ್ಯವಾಯಿತು. ಆ ಕಾಳಗದಲ್ಲಿ ವಿಲಿಯಂ ಎದುರಾಳಿ ಹ್ಯೂನನ್ನು ಕೊಂದು ತನ್ನ ಸೀಮೆಗಳನ್ನು ಉಳಿಸಿಕೊಂಡ. ಕೊನೆಗೆ ಅರಸನೇ ರಾಜಿಗೆ ಒಪ್ಪಬೇಕಾಯಿತು.

ಅವನ ಅಧಿಕಾರದಾಹ ಮಠಗಳನ್ನೂ ಬಿಟ್ಟಿರಲಿಲ್ಲ. ಓವರ್ನ್ ಸೀಮೆಯ ಬ್ರಿಯೂದ್ ಎಂಬ ಊರಿನಲ್ಲಿ ಹುತಾತ್ಮರಾದ ಸಂತ ಜೂಲಿಯನರ ಪ್ರಸಿದ್ಧ ದೇವಾಲಯವಿದೆ. ಆ ಸಂಸ್ಥೆಗೆ ವಿಲಿಯಮನೇ ಮಠಾಧಿಪತಿ! ದೀಕ್ಷೆ ಪಡೆಯದ, ಮಠದ ನಿಯಮಗಳನ್ನು ಪಾಲಿಸದ ಪಾಳೆಯಗಾರರು ಮಠಾಧಿಪತಿಯ ಪದವಿಯನ್ನು ಹಿಡಿದು ಅದರ ಉತ್ಪತ್ತಿಯನ್ನು ಉಣ್ಣುವುದು ಆ ಕಾಲದ ರೂಢಿಯಾಗಿತ್ತು. ಮಠ ಕಟ್ಟಿಸಿದ ಕುಲ ಆ ಮಠವನ್ನು ತನ್ನ ಗದ್ದೆ ಗಿರಣಿಗಳಂತೆಯೇ ತನ್ನ ಸ್ವಂತ ಸೊತ್ತೆಂದು ಭಾವಿಸುತ್ತಿತ್ತು. ಮಗನಿಗೋ ತಮ್ಮನಿಗೋ ಅದನ್ನು ಹಂಚಿಕೊಡುತ್ತಿತ್ತು. ಧರ್ಮಸಭೆಯ ಆಧ್ಯಾತ್ಮಿಕ ಜೀವನವನ್ನು ಅಂದು ಒಳಗಿನಿಂದ ಕೊರೆಯುತ್ತಿದ್ದ ರೋಗ ಇದೇ. ವಿಲಿಯಂ ಆ ರೋಗಕ್ಕೆ ಹೊರಗಿನವನಾಗಿರಲಿಲ್ಲ. ಅದರ ಲಾಭವನ್ನು ಉಂಡವನೇ ಆಗಿದ್ದ.

ಇದೇ ಸೀಮೆಯಲ್ಲಿ ಒರಿಯಾಕ್ ಎಂಬಲ್ಲಿ ಜೆರಾಲ್ಡ್ ಎಂಬ ಕೌಂಟನಿದ್ದ. ಮದುವೆಯಾಗದೆ, ಬಡವರ ಪಾಲಕನಾಗಿ, ಅರಮನೆಯಲ್ಲಿಯೇ ಸನ್ಯಾಸಿಯಂತೆ ಬದುಕಿದ ಆ ಸಜ್ಜನನನ್ನು ತನ್ನ ಮಾಂಡಲಿಕನನ್ನಾಗಿ ಮಾಡಿಕೊಳ್ಳಬೇಕೆಂದೂ ತನ್ನ ಸೋದರಿಯನ್ನು ಅವನಿಗೆ ಕೊಟ್ಟು ಮದುವೆ ಮಾಡಬೇಕೆಂದೂ ವಿಲಿಯಂ ಬಯಸಿದನೆಂದು ಸಂತ ಓದೋ ಬರೆದ ಜೆರಾಲ್ಡರ ಚರಿತ್ರೆ ತಿಳಿಸುತ್ತದೆ. ಜೆರಾಲ್ಡ್ ಎರಡಕ್ಕೂ ವಿನಯದಿಂದಲೇ ಒಪ್ಪಲಿಲ್ಲ. ಆದರೂ ವಿಲಿಯಮನ ಗೌರವ ಕುಂದಲಿಲ್ಲ. ಬಲಪ್ರಯೋಗ ಮಾಡಬಲ್ಲವನು ಒಬ್ಬ ಪುಣ್ಯಪುರುಷನ ಮುಂದೆ ಬಾಗಬಲ್ಲವನೂ ಆಗಿದ್ದನೆಂಬುದನ್ನು ಇದು ತೋರಿಸುತ್ತದೆ.

ಆರಿದ ದೀಪ

ವಿಲಿಯಂ ಪ್ರೊವೆನ್ಸಿನ ಅರಸ ಬೋಸೋನ ಮಗಳು ಎಂಗೆಲ್‌ಬೆರ್ಗಳನ್ನು ವರಿಸಿದ. ಅವಳ ತಾಯಿ ಚಕ್ರವರ್ತಿ ಎರಡನೆಯ ಲೂಯಿಯ ಮಗಳು. ಈ ಸಂಬಂಧದಿಂದ ವಿಲಿಯಮನ ಪ್ರತಿಷ್ಠೆ ಇನ್ನಷ್ಟು ಹೆಚ್ಚಿತು. ದಂಪತಿಗೆ ಒಬ್ಬ ಮಗ ಹುಟ್ಟಿದ. ಅಜ್ಜನ ಹೆಸರಿನಂತೆ ಅವನಿಗೆ ಬೋಸೋ ಎಂದು ನಾಮಕರಣವಾಯಿತು. ಆದರೆ ಆ ಕುಮಾರ ತಂದೆಯ ಕಣ್ಣೆದುರಿಗೇ ತೀರಿಹೋದ. ಅವನ ಬಳಿಕ ವಂಶ ಬೆಳಗಲು ಮತ್ತೊಬ್ಬ ಮಗ ಉಳಿಯಲಿಲ್ಲ.

ಶತಮಾನಗಳ ಹಿಂದಿನ ಆ ತಂದೆತಾಯಿಯರ ಮನದಲ್ಲಿ ಏನು ನಡೆಯಿತೆಂಬುದನ್ನು ಯಾವ ದಾಖಲೆಯೂ ಹೇಳದು. ಆದರೆ ಒಂದು ಮನೆಯಲ್ಲಿ ಏಕೈಕ ಮಗನ ಶವಸಂಸ್ಕಾರ ನಡೆದ ಬಳಿಕ ಆವರಿಸುವ ಮೌನವನ್ನು ಧರ್ಮಕೇಂದ್ರದ ಗುರುಗಳಾದ ನಾವು ಬಲ್ಲೆವು. ಅಲ್ಲಿ ದುಃಖದ ಜೊತೆಗೆ ಒಂದು ಪ್ರಶ್ನೆಯೂ ಕುಳಿತಿರುತ್ತದೆ: ಇನ್ನು ಇದೆಲ್ಲ ಯಾರಿಗಾಗಿ? ಈ ಪ್ರಶ್ನೆಗೆ ಮನುಷ್ಯರು ಕೊಡುವ ಉತ್ತರಗಳು ಹಲವು. ಕೆಲವರು ಕೈಯಲ್ಲಿರುವುದನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಾರೆ. ಕೆಲವರು ದೇವರ ಮೇಲೆಯೇ ಮುನಿಯುತ್ತಾರೆ. ಕೆಲವರು ಮಾತ್ರ ಹಿಡಿದ ಕೈಯನ್ನು ಸಡಿಲಿಸುತ್ತಾರೆ.

ಬೇಟೆಯ ಬೀಡು ಮಠವಾದುದು

ಬರ್ಗಂಡಿಯ ಮಾಕೋನ್ ಪ್ರದೇಶದಲ್ಲಿ, ಗ್ರೋನ್ ಎಂಬ ಪುಟ್ಟ ನದಿಯ ಕಣಿವೆಯಲ್ಲಿ ಕ್ಲೂನಿ ಎಂಬ ಗ್ರಾಮವಿತ್ತು. ವಿಲಿಯಮನ ಸೋದರಿ ಆವಾ ಸನ್ಯಾಸಿನಿಯರ ಮಠವೊಂದರ ಮುಖ್ಯಸ್ಥೆ. ಅವಳು 893ರಲ್ಲಿ ಈ ಗ್ರಾಮವನ್ನು ತಮ್ಮ ವಿಲಿಯಮನಿಗೆ ಬರೆದುಕೊಟ್ಟಿದ್ದಳು. ಸುತ್ತಲೂ ದಟ್ಟ ಕಾಡು; ಬೇಟೆಗೆ ಹೇಳಿಮಾಡಿಸಿದ ತಾಣ.

ಇದೇ ಕಾಲದಲ್ಲಿ ಗಿನ್ಯಿ ಮತ್ತು ಬೋಮ್ ಮಠಗಳ ಮುಖ್ಯಸ್ಥರಾದ ಬೆರ್ನೋ ಎಂಬ ಸನ್ಯಾಸಿ ಸಂತ ಬೆನೆಡಿಕ್ಟರ ನಿಯಮವನ್ನು ಅದರ ಮೂಲ ಕಟ್ಟುನಿಟ್ಟಿನೊಂದಿಗೆ ಆಚರಣೆಗೆ ತಂದು ಹೆಸರಾಗಿದ್ದರು. ವಿಲಿಯಂ ಅವರನ್ನು ಕರೆಸಿ ಹೊಸದೊಂದು ಮಠಕ್ಕೆ ಸ್ಥಳವನ್ನು ಆರಿಸಿಕೊಳ್ಳುವಂತೆ ಕೋರಿದ. ಬೆರ್ನೋ ಆರಿಸಿದ್ದು ಕ್ಲೂನಿಯನ್ನೇ. ಬೇಟೆನಾಯಿಗಳನ್ನು ಸಾಕಿದ ಆ ಪ್ರಿಯ ತಾಣವನ್ನು ಬಿಟ್ಟುಕೊಡಲು ಡ್ಯೂಕ್ ಹಿಂಜರಿದನಂತೆ. ನಾಯಿಗಳ ಬೊಗಳುವಿಕೆ ಮತ್ತು ಸನ್ಯಾಸಿಗಳ ಪ್ರಾರ್ಥನೆ, ಇವೆರಡರಲ್ಲಿ ಯಾವುದು ದೇವರ ಮುಂದೆ ಹೆಚ್ಚು ಫಲ ತರುವುದೆಂದು ಬೆರ್ನೋ ಕೇಳಿದಾಗ ಅವನು ನಿರುತ್ತರನಾದನೆಂದು ಮಠದ ಪರಂಪರೆ ಹೇಳುತ್ತದೆ. ದಾನ ಕೊಡುವಾಗ ಬೇಡವಾದದ್ದನ್ನು ಕೊಡುವುದು ಸುಲಭ. ಪ್ರಿಯವಾದದ್ದನ್ನು ಕೊಡುವುದು ಕಷ್ಟ. ಈ ಪಾಠವನ್ನು ಆ ಪುಟ್ಟ ಕಥೆ ಇಂದಿಗೂ ಕಲಿಸುತ್ತಿದೆ.

910ನೆಯ ಇಸವಿಯ ಸೆಪ್ಟೆಂಬರ್ 11ರಂದು ಬೂರ್ಜ್ ನಗರದಲ್ಲಿ ದಾನಪತ್ರ ಸಿದ್ಧವಾಯಿತು. ಕೆಲವು ವಿದ್ವಾಂಸರು ಇದನ್ನು 909 ಎಂದು ಗಣಿಸುತ್ತಾರೆ. ಡ್ಯೂಕ್ ಸಹಿ ಹಾಕಿದ. ಪತ್ನಿ ಎಂಗೆಲ್‌ಬೆರ್ಗಳೂ ಸಹಿ ಹಾಕಿದಳು. ಹೊಲ, ಗದ್ದೆ, ದ್ರಾಕ್ಷಿತೋಟ, ಹುಲ್ಲುಗಾವಲು, ಕಾಡು, ನೀರು, ಹಿಟ್ಟಿನ ಗಿರಣಿ, ಪ್ರಾರ್ಥನಾಲಯಗಳೆಲ್ಲ ಅದರಲ್ಲಿ ಸೇರಿದ್ದವು. ಆ ಭೂಮಿಗೆ ಅಂಟಿಕೊಂಡ ಗಂಡು ಹೆಣ್ಣು ಜೀತದಾಳುಗಳೂ ಆ ಪಟ್ಟಿಯಲ್ಲಿದ್ದರೆಂಬುದನ್ನು ನಾವು ಮುಚ್ಚಿಡಬಾರದು. ಪುಣ್ಯಕಾರ್ಯವೂ ತನ್ನ ಕಾಲದ ಪಾಪದ ನೆರಳಿನಿಂದ ಪೂರ್ಣವಾಗಿ ಪಾರಾಗುವುದಿಲ್ಲ.

ದಾನಪತ್ರದ ತಿರುಳು

ಈ ದಾನಪತ್ರದ ಒಕ್ಕಣೆ ಗಂಭೀರ ಚಿಂತನೆಗೆ ಯೋಗ್ಯವಾದುದು. ಅದರ ಆರಂಭದಲ್ಲಿಯೇ ಡ್ಯೂಕ್ ತನ್ನ ಸ್ಥಿತಿಯನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತಾನೆ. ಅಳಿಯುವ ಸಂಪತ್ತನ್ನು ಸರಿಯಾಗಿ ಬಳಸಿದರೆ ಅಳಿಯದ ಸಂಪತ್ತನ್ನು ಪಡೆಯಲು ಧನಿಕರಿಗೂ ದೇವರು ದಾರಿಯಿಟ್ಟಿದ್ದಾನೆ; ತಾನಂತೂ ಲೋಕವನ್ನೆಲ್ಲ ತೊರೆಯಲು ಶಕ್ತನಲ್ಲ; ಆದರೆ ತೊರೆದವರನ್ನು ಆದರಿಸಿ ಸಲಹಿದರೆ ಅವರ ಪುಣ್ಯದಲ್ಲಿ ತನಗೂ ಪಾಲು ದೊರೆಯಬಹುದು ಎಂಬುದು ಅವನ ಆಶಯ. ಮುತ್ತಾತನಂತೆ ಸನ್ಯಾಸಿಯಾಗುವ ಧೈರ್ಯ ತನಗಿಲ್ಲವೆಂದು ಬಲ್ಲ ಗೃಹಸ್ಥನ ಮಾತಿದು. ತಾನು ಸಂತನೆಂದು ಅವನು ನಟಿಸಲಿಲ್ಲ. ಸಂತರಿಗೆ ನೆಲ ಬೇಕು, ಅದನ್ನು ತಾನು ಕೊಡಬಲ್ಲೆ ಎಂದು ಅರಿತ.

ಯಾರ ಆತ್ಮಗಳಿಗಾಗಿ ಈ ದತ್ತಿ? ಮೊದಲಿಗೆ ಬರುವ ಹೆಸರು ಅರಸ ಓದೋನದು! ತನ್ನ ಅಧಿಕಾರವನ್ನು ಕಿತ್ತು ಶತ್ರುವಿನ ಕೈಗೆ ಕೊಟ್ಟಿದ್ದ ಅದೇ ಓದೋ, 898ರಲ್ಲಿಯೇ ತೀರಿಹೋಗಿದ್ದ. ತಂದೆತಾಯಿಯರ ಹೆಸರಿಗೂ ಮುನ್ನ ಆ ಹೆಸರು ಬರುತ್ತದೆ. ಆಮೇಲೆ ತಂದೆತಾಯಿ, ತಾನು, ಪತ್ನಿ, ಸೋದರಿ ಆವಾ, ಬಂಧುಬಳಗ, ತನ್ನ ಸೇವೆಯಲ್ಲಿರುವವರು. ಕೊನೆಗೆ ಹಿಂದೆ ಇದ್ದ, ಇಂದು ಇರುವ, ಮುಂದೆ ಬರುವ ಸಕಲ ವಿಶ್ವಾಸಿಗಳು. ಎಲ್ಲ ಕ್ರೈಸ್ತರೂ ಪ್ರೀತಿ ವಿಶ್ವಾಸಗಳ ಒಂದೇ ಬಂಧನದಿಂದ ಕೂಡಿದವರು ಎಂಬುದು ಅದಕ್ಕೆ ಅವನು ಕೊಡುವ ಕಾರಣ. ಮಗನಿಲ್ಲದವನು ತನ್ನ ಕುಟುಂಬದ ಬೇಲಿಯನ್ನು ಇಲ್ಲಿ ಎಷ್ಟು ದೂರಕ್ಕೆ ಸರಿಸಿದನೆಂಬುದನ್ನು ನೋಡಿರಿ.

ಇನ್ನು ಅತಿ ಮುಖ್ಯವಾದ ಅಂಶ. ವಿಲಿಯಂ ಕ್ಲೂನಿಯನ್ನು ಬೆರ್ನೋ ಅವರಿಗಾಗಲಿ, ತನ್ನ ಕುಲಕ್ಕಾಗಲಿ ಕೊಡಲಿಲ್ಲ. ಪ್ರೇಷಿತರಾದ ಸಂತ ಪೇತ್ರ ಮತ್ತು ಸಂತ ಪೌಲರಿಗೆ ಒಪ್ಪಿಸಿದ. ತಾನು, ತನ್ನ ಬಂಧುಗಳು, ಅರಸ, ಇವರಲ್ಲಿ ಯಾರಿಗೂ ಸನ್ಯಾಸಿಗಳ ಮೇಲೆ ಅಧಿಕಾರವಿಲ್ಲ. ಯಾವ ಕೌಂಟನಾಗಲಿ, ಧರ್ಮಾಧ್ಯಕ್ಷನಾಗಲಿ, ಕಡೆಗೆ ರೋಮಿನ ಜಗದ್ಗುರುವಾಗಲಿ ಆ ಸೊತ್ತನ್ನು ಮುಟ್ಟಕೂಡದು. ಜಗದ್ಗುರು ಪೋಪರು ಅದರ ರಕ್ಷಕರು, ಒಡೆಯರಲ್ಲ. ಆ ರಕ್ಷಣೆಯ ಗುರುತಾಗಿ ರೋಮಿನ ಪ್ರೇಷಿತರ ದೇವಾಲಯದ ದೀಪಗಳಿಗೆಂದು ಐದು ವರ್ಷಕ್ಕೊಮ್ಮೆ ಹತ್ತು ನಾಣ್ಯ ಸಲ್ಲಿಸಬೇಕು. ಬೆರ್ನೋ ಅವರ ಬಳಿಕ ಸನ್ಯಾಸಿಗಳೇ ತಮ್ಮ ಮುಖ್ಯಸ್ಥರನ್ನು ಆರಿಸಿಕೊಳ್ಳಬೇಕು. ಬಡವರಿಗೆ, ಪರದೇಶಿಗಳಿಗೆ, ಯಾತ್ರಿಕರಿಗೆ ಪ್ರತಿದಿನವೂ ಕರುಣೆಯ ಸೇವೆ ನಡೆಯಬೇಕು.

ನಮ್ಮ ಕನ್ನಡ ನಾಡಿನ ಹಳೆಯ ಶಿಲಾಶಾಸನಗಳನ್ನು ಬಲ್ಲ ಓದುಗರಿಗೆ ಈ ಪತ್ರದ ಕೊನೆಯ ಭಾಗ ಅಪರಿಚಿತವೆನಿಸದು. ನಮ್ಮ ಶಾಸನಗಳು ದತ್ತಿಯನ್ನು ಕೆಡಿಸಿದವರಿಗೆ ಘೋರ ಶಾಪ ನುಡಿಯುವಂತೆ ಇಲ್ಲಿಯೂ ಶಾಪಾಶಯವಿದೆ. ಈ ದಾನಕ್ಕೆ ಕೈ ಹಾಕಿದವನಿಗೆ ಭೂಮಿ ಬಾಯ್ತೆರೆದು ನುಂಗಿದ ದಾತಾನ್ ಮತ್ತು ಅಬಿರಾಮರ ಗತಿಯಾಗಲಿ, ಪ್ರಭುವನ್ನು ಹಿಡಿದುಕೊಟ್ಟ ಯೂದನ ಗತಿಯಾಗಲಿ ಎಂದು ವಿಲಿಯಂ ಬರೆಸಿದ. ನೂರು ಪೌಂಡು ಚಿನ್ನದ ದಂಡವನ್ನೂ ವಿಧಿಸಿದ.

ಈ ತೀರ್ಮಾನದ ಹಿಂದಿನ ವಿವೇಕವನ್ನು ನಾವು ಗುರುತಿಸಬೇಕು. ಆಗ ರೋಮಿನ ಪೀಠ ಸ್ಥಳೀಯ ಶ್ರೀಮಂತರ ಕೈಗೆ ಸಿಕ್ಕಿ ನಲುಗುತ್ತಿತ್ತು. ಹತ್ತನೆಯ ಶತಮಾನವನ್ನು ಧರ್ಮಸಭೆಯ ಕತ್ತಲ ಯುಗವೆಂದೇ ಚರಿತ್ರಕಾರರು ಕರೆದಿದ್ದಾರೆ. ವಿಲಿಯಂ ಪೇತ್ರರ ಪೀಠದಲ್ಲಿ ಕುಳಿತ ಮನುಷ್ಯನ ಯೋಗ್ಯತೆಯನ್ನು ನೆಚ್ಚಲಿಲ್ಲ, ಪೇತ್ರರನ್ನು ನೆಚ್ಚಿದ. ಹತ್ತಿರದ ಪಾಳೆಯಗಾರನ ಕೈಗೆ ಎಟುಕದಂತೆ ದೂರದ ಪ್ರೇಷಿತನ ಮಡಿಲಿಗೆ ಹಾಕಿದ. ತತ್ತ್ವಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಕಾರ್ಯವು ಕಾರಣದ ಹಿಡಿತದಿಂದ ಬಿಡುಗಡೆ ಪಡೆದು ತನ್ನ ಸ್ವರೂಪದಲ್ಲಿ ತಾನೇ ನಿಲ್ಲುವಂತೆ ಮಾಡಿದ. ಸ್ವಂತ ಮಗನಿದ್ದಿದ್ದರೆ ಅವನಿಗೆ ಇದು ಸಾಧ್ಯವಾಗುತ್ತಿತ್ತೇ? ಈ ಪ್ರಶ್ನೆಯನ್ನು ನಾವು ಓದುಗರ ವಿವೇಚನೆಗೆ ಬಿಡುತ್ತೇವೆ. ಬ್ರಿಯೂದಿನಲ್ಲಿ ಮಠದ ಒಡೆತನವನ್ನು ಕೈಯಲ್ಲಿಟ್ಟುಕೊಂಡವನೇ ಕ್ಲೂನಿಯಲ್ಲಿ ಆ ಒಡೆತನದ ಬೇರನ್ನೇ ಕಿತ್ತನೆಂಬುದು ಮಾತ್ರ ನಿಜ.

ಕುಲ ಅಳಿಯಿತು, ಮಠ ಬೆಳೆಯಿತು

ವಿಲಿಯಂ 918ರ ಜುಲೈ 6ರಂದು ದೈವಾಧೀನನಾದ. ಅವನನ್ನು ಬ್ರಿಯೂದಿನ ಸಂತ ಜೂಲಿಯನರ ದೇವಾಲಯದಲ್ಲಿ ಸಮಾಧಿ ಮಾಡಲಾಯಿತು. ಸೋದರಿ ಅಡೆಲಿಂಡಳ ಮಗ ಎರಡನೆಯ ವಿಲಿಯಂ ಪಟ್ಟಕ್ಕೆ ಬಂದು 926ರಲ್ಲಿ ತೀರಿಕೊಂಡ. ಅವನ ತಮ್ಮ ಆಕ್‌ಫ್ರೆಡ್ ಮರುವರ್ಷವೇ, 927ರಲ್ಲಿ, ಮಕ್ಕಳಿಲ್ಲದೆ ಮಡಿದ. ಡ್ಯೂಕ್ ಪದವಿ ಪ್ವಾತಿಯೆ ಮನೆತನದ ಪಾಲಾಯಿತು. ಎರಡು ತಲೆಮಾರುಗಳು ರಕ್ತ ಸುರಿಸಿ ಕಟ್ಟಿದ ಅಧಿಕಾರ ವಿಲಿಯಮನ ಸಾವಿನ ಬಳಿಕ ಒಂಬತ್ತೇ ವರ್ಷ ಬಾಳಿತು.

ಅದೇ 927ರಲ್ಲಿ ಕ್ಲೂನಿಯಲ್ಲಿ ಬೆರ್ನೋ ತೀರಿಕೊಂಡರು. ಅವರ ಸ್ಥಾನಕ್ಕೆ ಬಂದವರು ಸಂತ ಓದೋ. ಈ ಓದೋ ಬಾಲ್ಯದಲ್ಲಿ ವಿಲಿಯಮನ ಆಸ್ಥಾನದಲ್ಲೇ ಬೆಳೆದವರು; ಬೇಟೆಯಾಡಲು ಕಲಿತವರು. ಆ ಬದುಕಿನಲ್ಲಿ ನೆಮ್ಮದಿ ಕಾಣದೆ ತೂರ್ ನಗರಕ್ಕೆ ಹೋಗಿ, ಬಳಿಕ ಬೆರ್ನೋ ಅವರ ಶಿಷ್ಯರಾದವರು. ಡ್ಯೂಕನ ಮನೆಯಲ್ಲಿ ಉಂಡು ಬೆಳೆದ ಹುಡುಗನೇ ಡ್ಯೂಕನ ದತ್ತಿಯನ್ನು ಬೆಳೆಸಿದ. ರಕ್ತಸಂಬಂಧದ ವಾರಸಿಕೆ ಮುಗಿದ ವರ್ಷವೇ ಮತ್ತೊಂದು ಬಗೆಯ ವಾರಸಿಕೆ ಮೊದಲಾದುದನ್ನು ದೈವಚಿತ್ತವೆನ್ನದೆ ಇರಲು ನಮಗೆ ಮನಸ್ಸು ಬಾರದು.

ಪೋಪ್ ಹನ್ನೊಂದನೆಯ ಜಾನರು 931ರಲ್ಲಿ ಕ್ಲೂನಿಯ ಸ್ವಾತಂತ್ರ್ಯವನ್ನು ದೃಢೀಕರಿಸಿ, ಇತರ ಮಠಗಳನ್ನು ಸುಧಾರಣೆಗಾಗಿ ವಹಿಸಿಕೊಳ್ಳುವ ಹಕ್ಕನ್ನೂ ಕೊಟ್ಟರು. ಬಳಿಕ ಬಂದ ಸಂತ ಮಯೋಲ್, ಸಂತ ಓದಿಲೋ, ಸಂತ ಹ್ಯೂ, ಈ ಮೂವರೇ 954ರಿಂದ 1109ರ ವರೆಗಿನ 155 ವರ್ಷಗಳ ಕಾಲ ಮಠವನ್ನು ನಡೆಸಿದರು. ಮಠಾಧಿಪತಿಯ ಆಯ್ಕೆ ಪಾಳೆಯಗಾರನ ಕೈಯಲ್ಲಿ ಇಲ್ಲದ್ದರಿಂದಲೇ ಇಂತಹ ಸ್ಥಿರತೆ ಸಾಧ್ಯವಾಯಿತು. ಯೂರೋಪಿನುದ್ದಕ್ಕೂ ನೂರಾರು ಮಠಗಳು ಕ್ಲೂನಿಯ ನೆರಳಿಗೆ ಬಂದವು. ಕ್ಲೂನಿಯ ಸನ್ಯಾಸಿಯಾಗಿದ್ದವರೇ 1088ರಲ್ಲಿ ಪೋಪ್ ಎರಡನೆಯ ಅರ್ಬನರಾದರು. ಅದೇ ವರ್ಷ ಸಂತ ಹ್ಯೂ ಆರಂಭಿಸಿದ ಮಹಾದೇವಾಲಯದ ಉದ್ದ 187 ಮೀಟರುಗಳಷ್ಟಿತ್ತು. ರೋಮಿನಲ್ಲಿ ಇಂದಿನ ಸಂತ ಪೇತ್ರರ ಮಹಾದೇವಾಲಯ ನಿರ್ಮಾಣವಾಗುವ ವರೆಗೂ ಕ್ರೈಸ್ತ ಜಗತ್ತಿನಲ್ಲಿ ಅದಕ್ಕಿಂತ ದೊಡ್ಡ ದೇವಾಲಯವಿರಲಿಲ್ಲ.

ತತ್ತ್ವಶಾಸ್ತ್ರವನ್ನು ಅಭ್ಯಾಸ ಮಾಡಿದ ನಮಗೆ ಪ್ರಿಯವಾದ ಇನ್ನೊಂದು ಸಂಗತಿಯಿದೆ. ಮಹಾ ತಾರ್ಕಿಕ ಅಬೆಲಾರ್ಡ್ 1140ರಲ್ಲಿ ಖಂಡನೆಗೊಳಗಾಗಿ, ದಣಿದು ನಿರ್ಗತಿಕನಾಗಿ ಅಲೆಯುತ್ತಿದ್ದಾಗ ಬಾಗಿಲು ತೆರೆದದ್ದು ಕ್ಲೂನಿ. ಅಂದಿನ ಮಠಾಧಿಪತಿ ಪೂಜ್ಯ ಪೀಟರ್ ಅವನಿಗೆ ಆಶ್ರಯವಿತ್ತು, ವಿರೋಧಿಗಳೊಡನೆ ಸಂಧಾನ ಮಾಡಿಸಿ, 1142ರಲ್ಲಿ ಶಾಂತಿಯಿಂದ ಕಣ್ಮುಚ್ಚುವಂತೆ ನೋಡಿಕೊಂಡರು. ಪರದೇಶಿಗೆ ಕರುಣೆ ತೋರಬೇಕೆಂಬ ಡ್ಯೂಕನ ಷರತ್ತು ಇನ್ನೂರ ಮೂವತ್ತು ವರ್ಷಗಳ ಬಳಿಕವೂ ಜೀವಂತವಾಗಿತ್ತು.

ಮೃತರೆಲ್ಲರ ಮನೆ

ಈಗ ಆರಂಭದಲ್ಲಿ ನಾವು ಹೇಳಿದ ಮಾತಿಗೆ ಬರೋಣ. ಮೃತರಿಗಾಗಿ ಪ್ರಾರ್ಥಿಸುವುದು ಧರ್ಮಸಭೆಯಲ್ಲಿ ಮೊದಲಿನಿಂದಲೂ ಇದ್ದ ಸಂಪ್ರದಾಯ. ಆದರೆ ಕ್ಲೂನಿಯಲ್ಲಿ ಅದು ಮಠದ ಉಸಿರೇ ಆಯಿತು. ಸನ್ಯಾಸಿಯೊಬ್ಬ ತೀರಿಕೊಂಡರೆ ಮೂವತ್ತು ದಿನ ಅವನ ಪಾಲಿನ ಊಟ ಬಡವನೊಬ್ಬನಿಗೆ ಸಲ್ಲುತ್ತಿತ್ತು. ಹೀಗೆ ಮೃತರ ಹೆಸರಿನಲ್ಲಿ ನಡೆಯುವ ಅನ್ನದಾನ ಎಷ್ಟು ಬೆಳೆಯಿತೆಂದರೆ, ಅದರ ಹೊರೆ ತಡೆಯಲಾಗದೆ ಪೂಜ್ಯ ಪೀಟರರು ದಿನಕ್ಕೆ 50 ಪಾಲೆಂದು ಮಿತಿ ಹಾಕಬೇಕಾಯಿತು.

ಸಂತ ಓದಿಲೋ 994ರಿಂದ 1049ರ ವರೆಗೆ ಮಠಾಧಿಪತಿಗಳಾಗಿದ್ದರು. ಸಕಲ ಸಂತರ ಹಬ್ಬದ ಮರುದಿನ, ನವೆಂಬರ್ 2ರಂದು, ಜಗದಾರಂಭದಿಂದ ತೀರಿಹೋದ ಎಲ್ಲ ವಿಶ್ವಾಸಿಗಳಿಗಾಗಿ ಬಲಿಪೂಜೆ, ಪ್ರಾರ್ಥನೆ ಮತ್ತು ದಾನಧರ್ಮ ನಡೆಯಬೇಕೆಂದು ಅವರು ಕ್ಲೂನಿಯ ಎಲ್ಲ ಮಠಗಳಿಗೂ ವಿಧಿಸಿದರು. ಆ ಆಚರಣೆ ಮಠದಿಂದ ಮಠಕ್ಕೆ, ದೇಶದಿಂದ ದೇಶಕ್ಕೆ ಹಬ್ಬಿ ಇಡೀ ಧರ್ಮಸಭೆಯದಾಯಿತು. ಮೊದಲ ಮಹಾಯುದ್ಧದ ಸಾವುನೋವುಗಳ ನಡುವೆ, 1915ರಲ್ಲಿ, ಪೋಪ್ ಹದಿನೈದನೆಯ ಬೆನೆಡಿಕ್ಟರು ಆ ದಿನ ಪ್ರತಿಯೊಬ್ಬ ಗುರುವೂ ಮೂರು ಬಲಿಪೂಜೆಗಳನ್ನು ಅರ್ಪಿಸಲು ಅನುಮತಿಯಿತ್ತರು.

ನವೆಂಬರ್ ಎರಡರಂದು ನಮ್ಮ ಸ್ಮಶಾನಗಳಲ್ಲಿ ನಡೆಯುವುದನ್ನು ನಾವೆಲ್ಲ ಬಲ್ಲೆವು. ಸಮಾಧಿಗಳನ್ನು ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ಚುತ್ತೇವೆ. ಮಕ್ಕಳು ಮೊಮ್ಮಕ್ಕಳಿರುವವರ ಸಮಾಧಿಗಳು ಬೆಳಗುತ್ತವೆ. ಯಾರೂ ಬಾರದ ಸಮಾಧಿಗಳೂ ಒಂದು ಮೂಲೆಯಲ್ಲಿರುತ್ತವೆ. ಆದರೆ ಬಲಿಪೂಜೆ ಅರ್ಪಿತವಾಗುವುದು ಎಲ್ಲರಿಗಾಗಿ. ಹೆಸರು ಹೇಳುವವರಿಲ್ಲದವರ ಹೆಸರನ್ನು ಅಂದು ಇಡೀ ಧರ್ಮಸಭೆ ಹೇಳುತ್ತದೆ. ಇದರ ಮೂಲವನ್ನು ಹುಡುಕುತ್ತ ಹೋದರೆ ನಾವು ತಲುಪುವುದು ಕ್ಲೂನಿಗೆ. ಕ್ಲೂನಿಯಿಂದ, ಹಿಂದೆ ಇದ್ದ, ಇಂದು ಇರುವ, ಮುಂದೆ ಬರುವ ಎಲ್ಲ ವಿಶ್ವಾಸಿಗಳ ಹೆಸರಿನಲ್ಲಿ ದತ್ತಿ ಬರೆಸಿದ ಒಬ್ಬ ಪುತ್ರಹೀನನಿಗೆ.

ನಮಗೊಂದು ವಿಚಾರ

ಕ್ಲೂನಿಯೂ ಅಮರವಾಗಲಿಲ್ಲ. ಸಂಪತ್ತು ಹೆಚ್ಚಿದಂತೆ ಸರಳತೆ ಕುಗ್ಗಿತು. 1098ರಲ್ಲಿ ಸಿತೋ ಎಂಬಲ್ಲಿ ಇನ್ನಷ್ಟು ಕಠಿಣವಾದ ಬೆನೆಡಿಕ್ಟ್ ಜೀವನ ಆರಂಭವಾದಾಗ ಯುವಜನರು ಅತ್ತ ತಿರುಗಿದರು. ಹದಿನೇಳನೆಯ ಶತಮಾನದಲ್ಲಿ ಕಾರ್ಡಿನಲ್ ರಿಶೆಲ್ಯೂ ಮತ್ತು ಮಜಾರಿನ್‌ರಂತಹ ರಾಜಮಂತ್ರಿಗಳೇ ಅದರ ಮಠಾಧಿಪತಿಗಳಾದರು. ವಿಲಿಯಂ ಯಾವುದನ್ನು ಶಾಪವಿಟ್ಟು ತಡೆಯಬಯಸಿದನೋ ಅದೇ ಬೇರೆ ವೇಷದಲ್ಲಿ ಮರಳಿತ್ತು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ, 1790ರಲ್ಲಿ, ಮಠ ಮುಚ್ಚಿತು. 1798ರಲ್ಲಿ ಕಟ್ಟಡ ಮಾರಾಟವಾಗಿ, ಆ ಮಹಾದೇವಾಲಯವನ್ನು ಕಲ್ಲಿಗಾಗಿ ಕೆಡವಲಾಯಿತು. ಇಂದು ಅಲ್ಲಿ ಉಳಿದಿರುವುದು ಒಂದು ಪಾರ್ಶ್ವದ ಭಾಗ, ಗೋಪುರ ಮತ್ತು ಕೆಲವು ಕಟ್ಟಡಗಳು ಮಾತ್ರ.

ಕಲ್ಲು ಬಿದ್ದಿತು, ಪ್ರಾರ್ಥನೆ ಉಳಿಯಿತು. ಆಸ್ತಿಯ ಒಡೆತನ ಒಬ್ಬನದಿರಬಹುದು, ಅದರ ಬಳಕೆ ಮಾತ್ರ ಸಕಲರ ಹಿತಕ್ಕಾಗಿರಬೇಕು ಎಂಬುದು ಸಂತ ತೋಮಾಸ್ ಅಕ್ವಿನಾಸರ ಬೋಧನೆ. ಅವರು ಹುಟ್ಟುವ ಮೂರು ಶತಮಾನಗಳ ಮುನ್ನವೇ ವಿಲಿಯಂ ಇದನ್ನು ತನ್ನ ನೋವಿನ ಮೂಲಕ ಕಲಿತ. ಇಂದು ನಮ್ಮ ಕುಟುಂಬಗಳಲ್ಲಿ ಮಕ್ಕಳಿದ್ದೂ ತಂದೆತಾಯಿಯರ ಸಮಾಧಿಗೆ ಹೂವಿಲ್ಲದ ಪ್ರಸಂಗಗಳಿವೆ. ಅಂಗೈಯಗಲ ಜಾಗಕ್ಕಾಗಿ ಒಡಹುಟ್ಟಿದವರು ನ್ಯಾಯಾಲಯ ಹತ್ತಿದ ಪ್ರಸಂಗಗಳಿವೆ. ಸಂತಾನವೇ ಸದ್ಗತಿಗೆ ಖಾತರಿಯಲ್ಲವೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ. ಇನ್ನೊಂದೆಡೆ, ಮಕ್ಕಳಿಲ್ಲದ ದಂಪತಿಗಳು ಓದಿಸಿದ ಬಡ ಮಕ್ಕಳಿದ್ದಾರೆ, ಸಲಹಿದ ಅನಾಥರಿದ್ದಾರೆ. ಅಂತಹವರ ಮನೆಯನ್ನು ಬರಿದೆಂದು ಕರೆಯುವ ಹಕ್ಕು ಯಾರಿಗೂ ಇಲ್ಲ. ನಮ್ಮ ಶುಭಸಮಾರಂಭಗಳಲ್ಲಿ ಅವರನ್ನು ಹಿಂದಿನ ಸಾಲಿಗೆ ಸರಿಸುವ ಕ್ರೂರ ರೂಢಿ ಎಲ್ಲಿ ಉಳಿದಿದೆಯೋ ಅಲ್ಲಿ ಅದು ಅಳಿಯಬೇಕು.

ಧರ್ಮಸಭೆ ವಿಲಿಯಮನನ್ನು ಸಂತರ ಸಾಲಿಗೆ ಸೇರಿಸಿಲ್ಲ. ಅವನು ಸ್ಥಾಪಿಸಿದ ಮಠ ಅನೇಕ ಸಂತರನ್ನು ಕೊಟ್ಟಿತು. ಸ್ಥಾಪಕ ಮಾತ್ರ ನಮ್ಮ ನಿಮ್ಮಂತೆ ಪ್ರಾರ್ಥನೆ ಬೇಡುವ ಪಾಪಿಗಳ ಸಾಲಿನಲ್ಲಿಯೇ ಉಳಿದ. ಅದು ಅವನಿಗೆ ಒಪ್ಪುವ ಸ್ಥಾನವೆಂದೇ ನಾವು ಭಾವಿಸುತ್ತೇವೆ. ಬರುವ ನವೆಂಬರ್ ಎರಡರಂದು ನಮ್ಮವರ ಸಮಾಧಿಗಳ ಮುಂದೆ ನಿಂತಾಗ, ಯಾರೂ ಬಾರದ ಪಕ್ಕದ ಸಮಾಧಿಯ ಮೇಲೂ ಒಂದು ಮೇಣದಬತ್ತಿ ಇಡೋಣ. ಮಗನನ್ನು ಕಳೆದುಕೊಂಡ ಆ ಡ್ಯೂಕನನ್ನೂ ಅವನ ಪತ್ನಿಯನ್ನೂ ಒಂದು ಕ್ಷಣ ದೇವರ ಸನ್ನಿಧಿಯಲ್ಲಿ ಸ್ಮರಿಸೋಣ. ಅವರ ಆತ್ಮಗಳಿಗೆ ಪ್ರಭು ನಿತ್ಯ ವಿಶ್ರಾಂತಿಯನ್ನು ದಯಪಾಲಿಸಲಿ.